ಹರಿಕೇನ್ ಬರುವ ಮುನ್ನ ದೋಣಿಗೆ ಜಾಗ ಎಲ್ಲಿ? ದಡ, ಜೆಟ್ಟಿ, ಲಂಗರು, ಕಾಲುವೆಗಳ ಹೋಲಿಕೆ

ಅಟ್ಲಾಂಟಿಕ್ ಸಾಗರದ ಹರಿಕೇನ್ (ಚಂಡಮಾರುತ) ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಸೆಪ್ಟೆಂಬರ್ 10ರ ಆಸುಪಾಸಿನಲ್ಲಿ ಅದರ ಆರ್ಭಟ ಅತಿ ಹೆಚ್ಚು. ಫ್ಲೋರಿಡಾ, ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ದೋಣಿ ಇಟ್ಟುಕೊಂಡವರು ಈ ಆರು ತಿಂಗಳಲ್ಲಿ ಯಾವಾಗ ಬೇಕಾದರೂ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ದೋಣಿಯನ್ನು ದಡಕ್ಕೆ ಎತ್ತಿಸುವುದೋ, ಜೆಟ್ಟಿಯಲ್ಲೇ ಬಿಗಿಯುವುದೋ, ಲಂಗರಿನ ಮೇಲೆ ಬಿಡುವುದೋ, ಮ್ಯಾಂಗ್ರೋವ್ ಕಾಲುವೆಯೊಳಗೆ ಒಯ್ಯುವುದೋ, ಇಲ್ಲಾ ಆ ಕಡಲನ್ನೇ ಬಿಟ್ಟು ಹೊರಟುಬಿಡುವುದೋ?

ಹೆಚ್ಚಿನವರು ಈ ಪ್ರಶ್ನೆಗೆ ಗಾಳಿಯ ವೇಗ ನೋಡಿ ಉತ್ತರ ಹುಡುಕುತ್ತಾರೆ. ಮೊದಲು ನೋಡಬೇಕಾದದ್ದು ನೀರಿನ ಎತ್ತರ. ಹರಿಕೇನ್‌ಗಳನ್ನು ಗಾಳಿಯ ವೇಗದಿಂದ ಅಳೆಯುವ ಸಫಿರ್-ಸಿಂಪ್ಸನ್ ಶ್ರೇಣಿಯ 1ನೇ ವರ್ಗ ಗಂಟೆಗೆ 119 ಕಿ.ಮೀ. ಗಾಳಿಯಿಂದ ಶುರುವಾಗುತ್ತದೆ, 5ನೇ ವರ್ಗ 252 ಕಿ.ಮೀ.ಯಿಂದ. ಆದರೆ ಬಿರುಗಾಳಿ ದಡದತ್ತ ತಳ್ಳಿ ತರುವ ನೀರು, ಅಂದರೆ ಕಡಲುಬ್ಬರ, ಎಷ್ಟು ಏರುತ್ತದೆ ಎಂಬುದರ ಬಗ್ಗೆ ಆ ಅಂಕಿ ಏನೂ ಹೇಳುವುದಿಲ್ಲ. 2004ರಲ್ಲಿ ಫ್ಲೋರಿಡಾದ ಪುಂಟಾ ಗೋರ್ಡಾಕ್ಕೆ ಅಪ್ಪಳಿಸಿದ ಚಾರ್ಲಿ 4ನೇ ವರ್ಗದ್ದು. ಗಾತ್ರದಲ್ಲಿ ಚಿಕ್ಕದು, ಸಾಗಿದ್ದು ಬೇಗ. ನೀರು ಏರಿದ್ದು ಸುಮಾರು 2 ಮೀಟರ್. ಮರುವರ್ಷದ ಕತ್ರೀನಾ ದಡ ಮುಟ್ಟುವಾಗ 3ನೇ ವರ್ಗಕ್ಕೆ ಇಳಿದಿತ್ತು, ಆದರೂ ಮಿಸಿಸಿಪ್ಪಿ ಕರಾವಳಿಯಲ್ಲಿ ನೀರು 8 ಮೀಟರ್ ದಾಟಿತು. 2012ರ ಸ್ಯಾಂಡಿಯಂತೂ ನ್ಯೂಜೆರ್ಸಿ ತಲುಪುವ ಹೊತ್ತಿಗೆ ಹರಿಕೇನ್ ಎಂಬ ಪಟ್ಟವನ್ನೇ ಕಳೆದುಕೊಂಡಿತ್ತು. ದಡದ ಮೇಲೆ ಭದ್ರವಾಗಿವೆ ಎಂದುಕೊಂಡಿದ್ದ ದೋಣಿಗಳು ಆಗ ತೇಲಿಹೋಗಿ ರಸ್ತೆಗಳಲ್ಲಿ, ಮನೆಯಂಗಳಗಳಲ್ಲಿ ಬಿದ್ದವು.

ಇದರರ್ಥ ಗಾಳಿ ಮುಖ್ಯವಲ್ಲ ಎಂದಲ್ಲ. ಗಾಳಿಯ ಒತ್ತಡ ವೇಗವನ್ನು ವೇಗದಿಂದಲೇ ಗುಣಿಸಿದ ಮೊತ್ತಕ್ಕೆ ತಕ್ಕಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 119 ಕಿ.ಮೀ. ಗಾಳಿ ಎದುರಿಗಿರುವ ಒಂದು ಚದರ ಮೀಟರಿನ ಮೇಲೆ ಸುಮಾರು 68 ಕಿಲೋ ಭಾರದಷ್ಟು ಒತ್ತುತ್ತದೆ, 209 ಕಿ.ಮೀ.ಗೆ ಅದು 210 ಕಿಲೋ. ಜೊತೆಗೆ ಉತ್ತರಾರ್ಧ ಗೋಳದಲ್ಲಿ ಬಿರುಗಾಳಿ ಸಾಗುವ ದಿಕ್ಕಿನ ಬಲಬದಿಯಲ್ಲಿ ಅದರ ನಡಿಗೆಯ ವೇಗ ಗಾಳಿಗೆ ಕೂಡಿಕೊಳ್ಳುತ್ತದೆ, ಎಡಬದಿಯಲ್ಲಿ ಕಳೆದುಹೋಗುತ್ತದೆ. ಕಡಲುಬ್ಬರವೂ ಸಾಮಾನ್ಯವಾಗಿ ಬಲಬದಿಯಲ್ಲೇ ಹೆಚ್ಚು. ಹಾಗಾಗಿ ಕೇಂದ್ರ ನಿಮ್ಮ ಊರಿನ ಯಾವ ಪಕ್ಕದಿಂದ ಹಾದುಹೋಗುತ್ತದೆ ಎಂಬುದು ವರ್ಗದ ಅಂಕಿಯಷ್ಟೇ ತೂಕದ್ದು.

ದಡಕ್ಕೆ ಎತ್ತಿಸುವುದು

ಎತ್ತರದ ನೆಲ ಸಿಕ್ಕರೆ ಇದಕ್ಕೆ ಸಾಟಿಯಿಲ್ಲ. 1985ರ ಗ್ಲೋರಿಯಾ ಹರಿಕೇನ್ ನಂತರ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಮ್‌ಐಟಿ ನಡೆಸಿದ ಅಧ್ಯಯನದಲ್ಲಿ, ದಡಕ್ಕೆ ಎತ್ತಿದ ದೋಣಿಗಳಿಗೆ ಹಾನಿಯ ಸಾಧ್ಯತೆ ಅರ್ಧದಷ್ಟು ಇಳಿಯುತ್ತದೆ ಎಂಬುದು ಕಂಡುಬಂತು. ಅನೇಕ ವಿಮಾ ಕಂಪನಿಗಳು ಎತ್ತಿಸುವ ಖರ್ಚಿನ ಒಂದು ಪಾಲನ್ನು ಕೊಡುವುದೂ ಈ ಕಾರಣಕ್ಕೇ.

ಆದರೆ 'ದಡ' ಎಂದರೆ ಯಾವ ದಡ? ಒಂದು ಸರಳ ಲೆಕ್ಕ ಹಾಕಿ. ಬೋಟ್‌ಯಾರ್ಡಿನ (ದೋಣಿಗಳನ್ನು ಎತ್ತಿ ಇಡುವ ಅಂಗಳದ) ನೆಲ ಸಮುದ್ರಮಟ್ಟಕ್ಕಿಂತ ಎಷ್ಟು ಮೇಲಿದೆ, ದೋಣಿಯ ಅಡಿಗೆ ಇಟ್ಟ ಮರದ ದಿಮ್ಮಿಗಳ ದಪ್ಪ ಎಷ್ಟು, ದೋಣಿ ನೀರಿನಲ್ಲಿ ಎಷ್ಟು ಆಳ ಮುಳುಗುತ್ತದೆ? ಈ ಮೂರನ್ನೂ ಕೂಡಿಸಿ. ನೆಲ 2 ಮೀಟರ್, ದಿಮ್ಮಿ 0.3 ಮೀಟರ್, ಮುಳುಗುವ ಆಳ 0.8 ಮೀಟರ್ ಆದರೆ ನೀರು 3.1 ಮೀಟರಿಗೆ ಬಂದಾಗ ಆ ಮೋಟಾರ್ ದೋಣಿ ತೇಲುತ್ತದೆ. ಮುನ್ಸೂಚನೆಯ ಉಬ್ಬರ, ಅದರೊಂದಿಗೆ ಸಹಜ ಭರತ, ಮೇಲೆ ಅಲೆಗಳಿಗೆಂದು ಕನಿಷ್ಠ ಅರ್ಧ ಮೀಟರ್: ಇದು ನಿಮ್ಮ ಮೊತ್ತಕ್ಕಿಂತ ಹೆಚ್ಚಿದ್ದರೆ ಆ ಯಾರ್ಡ್ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ನೀರು ಅಷ್ಟು ಏರದಿದ್ದರೂ ದೋಣಿಗೆ ಎರಡೂ ಬದಿಯಿಂದ ಆನಿಸಿದ ಸ್ಟ್ಯಾಂಡುಗಳ ಬುಡದ ಮಣ್ಣು ಕೊಚ್ಚಿಹೋಗಬಹುದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎತ್ತರ ಸರಿಯಿದ್ದಾಗ ಉಳಿಯುವ ಶತ್ರು ಗಾಳಿ. ಸ್ಟ್ಯಾಂಡಿನ ಮೇಲಿನ ದೋಣಿ ಗಾಳಿಗೆ ಅಲುಗಾಡಿದಾಗ ಸ್ಟ್ಯಾಂಡುಗಳು ಒಂದೊಂದಾಗಿ ಸಡಿಲಾಗಿ ಹೊರಕ್ಕೆ ಜಾರುತ್ತವೆ. ಒಂದು ದೋಣಿ ಬಿದ್ದರೆ ಪಕ್ಕದ್ದರ ಮೇಲೆ ಬೀಳುತ್ತದೆ, ಸಾಲು ಪೂರ್ತಿ ಒರಗುತ್ತದೆ. 2004ರಲ್ಲಿ ಐವನ್ ಗ್ರೆನಡಾಕ್ಕೆ ಬಡಿದಾಗ ಯಾರ್ಡುಗಳಲ್ಲಿ ಆದದ್ದು ಇದೇ. ತಡೆಯುವ ಕ್ರಮ ಹೀಗೆ:

ಸ್ಟ್ಯಾಂಡುಗಳ ಸಂಖ್ಯೆ ಮಾಮೂಲಿಗಿಂತ ಹೆಚ್ಚಿರಲಿ. ಚಳಿಗಾಲಕ್ಕೆ ಒಂದು ಬದಿಗೆ ಮೂರು ಸಾಕಾಗುವ ದೋಣಿಗೆ ಈಗ ನಾಲ್ಕೈದು ಬೇಕು. ಎದುರುಬದುರಿನ ಸ್ಟ್ಯಾಂಡುಗಳನ್ನು ಕೀಲ್ (ದೋಣಿಯ ತಳದ ಬೆನ್ನೆಲುಬಿನಂಥ ಭಾಗ) ಕೆಳಗಿಂದ ಸರಪಳಿ ಹಾಯಿಸಿ ಜೋಡಿಸಿ. ಸರಪಳಿಯಿಲ್ಲದ ಸ್ಟ್ಯಾಂಡ್ ಹೊರಕ್ಕೆ ಜಾರುವುದನ್ನು ಬೇರೇನೂ ತಡೆಯುವುದಿಲ್ಲ. ಮಣ್ಣಿನ ನೆಲವಾದರೆ ಪ್ರತಿ ಕಾಲಿನಡಿಗೂ ಪ್ಲೈವುಡ್ ತುಂಡು ಇಡಿ, ಮಳೆಗೆ ನೆಂದ ನೆಲದಲ್ಲಿ ಕಾಲು ಹುಗಿಯುತ್ತದೆ. ಸ್ಟ್ಯಾಂಡಿಗೇ ಹಗ್ಗ ಕಟ್ಟಿ ದೋಣಿ ಬಿಗಿಯುವವರಿದ್ದಾರೆ. ಇದು ಸ್ಟ್ಯಾಂಡನ್ನು ನೀವೇ ಎಳೆದು ಕೆಡವಿದ ಹಾಗೆ.

ನಿಜವಾದ ಭದ್ರತೆ ಬರುವುದು ನೆಲಕ್ಕೆ ಬಿಗಿಯುವ ಪಟ್ಟಿಗಳಿಂದ. ಕಾಂಕ್ರೀಟ್ ನೆಲದಲ್ಲಿ ಹೂತ ಕಬ್ಬಿಣದ ಬಳೆಗಳಿಗೋ ಮಣ್ಣಿಗೆ ತಿರುಗಿಸಿ ಇಳಿಸಿದ ಸ್ಕ್ರೂ ಲಂಗರುಗಳಿಗೋ ದೋಣಿಯ ಕ್ಲೀಟುಗಳಿಂದ (ಹಗ್ಗ ಕಟ್ಟುವ ಕೊಂಬುಗಳಿಂದ) ಪಟ್ಟಿ ಬಿಗಿಯಬೇಕು. ಪಟ್ಟಿ ಪಾಲಿಯೆಸ್ಟರ್‌ನದ್ದೇ ಆಗಿರಲಿ. ನೈಲಾನ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ದೋಣಿ ಅಲುಗಾಡುತ್ತದೆ, ಅಲುಗಾಡಿದಷ್ಟೂ ಸ್ಟ್ಯಾಂಡ್ ಸಡಿಲಾಗುತ್ತದೆ. ನೀರಿನಲ್ಲಿರುವ ದೋಣಿಗೆ ನೈಲಾನ್, ನೆಲದ ಮೇಲಿನ ದೋಣಿಗೆ ಪಾಲಿಯೆಸ್ಟರ್. ಈ ಎರಡನ್ನು ಅದಲುಬದಲು ಮಾಡಿಕೊಂಡವರ ಸಂಖ್ಯೆ ಕಡಿಮೆಯೇನಿಲ್ಲ.

ಪಟ್ಟಿ ಬಿಗಿದಿದೆ, ಇನ್ನು ನೀರು ಬಂದರೂ ಚಿಂತೆಯಿಲ್ಲ ಎನ್ನುವ ಮಾತಿಗೆ ಒಂದು ಮಿತಿಯಿದೆ. ಸುಮಾರು 10 ಮೀಟರ್ ಉದ್ದ, 3 ಮೀಟರ್ ಅಗಲದ ದೋಣಿ ನೀರಿನ ಮಟ್ಟದಲ್ಲಿ 20 ಚದರ ಮೀಟರಿನಷ್ಟು ಜಾಗ ಹಿಡಿಯುತ್ತದೆ. ಅದು ತೇಲುವ ಮಟ್ಟಕ್ಕಿಂತ ನೀರು ಪ್ರತಿ ಸೆಂಟಿಮೀಟರ್ ಮೇಲೇರಿದಾಗಲೂ ಪಟ್ಟಿಗಳ ಮೇಲೆ 200 ಕಿಲೋ ಎಳೆತ ಬೀಳುತ್ತದೆ. 30 ಸೆಂ.ಮೀ. ಹೆಚ್ಚಾದರೆ 6 ಟನ್. ಒಂದು ಗೇಣಿನಷ್ಟು ನೀರು ಹೆಚ್ಚಾದರೆ ಪಟ್ಟಿ ಕಾಪಾಡಬಹುದು. ಎರಡು ಮೀಟರ್ ಹೆಚ್ಚಾದರೆ ಪಟ್ಟಿಯೋ ಕ್ಲೀಟೋ ನೆಲದ ಬಳೆಯೋ, ಯಾವುದಾದರೊಂದು ಕಿತ್ತು ಬರುತ್ತದೆ.

ಹಾಯಿದೋಣಿಯಾದರೆ ಹಾಯಿಕಂಬವನ್ನು ಕಳಚಿ ಮಲಗಿಸುವುದು ಖರ್ಚಿನ ಕೆಲಸ, ಆದರೆ ಗಾಳಿ ದೋಣಿಯನ್ನು ಬೀಳಿಸಲು ಬಳಸುವ ಉದ್ದನೆಯ ಸನ್ನೆಗೋಲು ಆ ಕಂಬವೇ. ಕೆಲವು ಯಾರ್ಡುಗಳಲ್ಲಿ ಕೀಲ್ ಇಳಿಸಲು ನೆಲದಲ್ಲಿ ಗುಂಡಿ ತೋಡುತ್ತಾರೆ. ದೋಣಿಯ ಒಡಲು ನೆಲಕ್ಕೆ ತಾಗಿ ಕೂರುತ್ತದೆ, ಬೀಳಲು ಎತ್ತರವೇ ಉಳಿಯುವುದಿಲ್ಲ. ಗಾಳಿಯ ವಿರುದ್ಧ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಆದರೆ ಗುಂಡಿಯೊಳಗಿನ ದೋಣಿ ಬೇಗ ತೇಲುತ್ತದೆ ಎಂಬುದನ್ನು ಮರೆಯಬೇಡಿ, ಮೇಲಿನ ಲೆಕ್ಕದಲ್ಲಿ ದಿಮ್ಮಿಯ ದಪ್ಪವೂ ಮುಳುಗುವ ಆಳದಲ್ಲಿ ಕೀಲಿನ ಪಾಲೂ ಇಲ್ಲವಾಗುತ್ತವೆ.

ಟ್ರೇಲರ್ ಮೇಲಿನ ಸಣ್ಣ ದೋಣಿ

7–8 ಮೀಟರಿನೊಳಗಿನ ದೋಣಿಗೆ ಟ್ರೇಲರ್ ಇದ್ದರೆ ಹೋಲಿಕೆಯ ಅಗತ್ಯವೇ ಇಲ್ಲ: ಕಡಲಿನಿಂದ ದೂರಕ್ಕೆ ಎಳೆದುಕೊಂಡು ಹೋಗಿ. ಗ್ಯಾರೇಜಿನೊಳಗೆ ಹೋಗುವುದಾದರೆ ದೋಣಿಯನ್ನು ಒಳಗಿಟ್ಟು ಕಾರನ್ನು ಹೊರಗೆ ಬಿಡಿ. ಹಗುರ ದೋಣಿಗೆ ಕಾರಿಗಿಂತ ಬೇಗ ರೆಕ್ಕೆ ಮೂಡುತ್ತದೆ.

ಹೊರಗೇ ಇಡಬೇಕಾದರೆ ಟೈರಿನ ಗಾಳಿ ಇಳಿಸಿ, ಚಕ್ರಗಳಿಗೆ ಅಡ್ಡ ಕೊಡಿ, ನಾಲ್ಕೂ ದಿಕ್ಕಿಗೆ ಸ್ಕ್ರೂ ಲಂಗರು ಇಳಿಸಿ ದೋಣಿ ಮತ್ತು ಟ್ರೇಲರ್ ಎರಡನ್ನೂ ಬಿಗಿಯಿರಿ. ಹೊರಗೆ ಎಂಜಿನ್ ಇರುವ ತೆರೆದ ದೋಣಿಯಾದರೆ ತಳದ ಬಿರಡೆ ಹಾಕಿ ಒಳಗೆ ನೀರು ತುಂಬಿಸಬಹುದು. 5 ಚದರ ಮೀಟರ್ ತಳದಲ್ಲಿ 10 ಸೆಂ.ಮೀ. ನೀರು ನಿಂತರೆ ಅರ್ಧ ಟನ್ ತೂಕ ಕೂಡುತ್ತದೆ. ಹೀಗೆ ಮಾಡುವ ಮೊದಲು ಟ್ರೇಲರಿನ ಚೌಕಟ್ಟು ಮತ್ತು ಸ್ಪ್ರಿಂಗ್ ನಡುವೆ ಮರದ ತುಂಡು ಸಿಕ್ಕಿಸಿ, ಇಲ್ಲವಾದರೆ ಸ್ಪ್ರಿಂಗ್ ಹೋಗುತ್ತದೆ. ಎಂಜಿನ್ ಒಳಗಡೆ ಇರುವ ದೋಣಿಗೆ ನೀರು ತುಂಬಿಸಲೇಬಾರದು. ಅಲ್ಲಿ ಬಿರಡೆ ತೆಗೆದು ಮಳೆನೀರು ಹರಿದುಹೋಗಲು ಬಿಡಿ.

ಜೆಟ್ಟಿಯಲ್ಲೇ ಬಿಡುವುದಾದರೆ

ಎತ್ತಿಸಲು ಕ್ರೇನ್ ಸಿಗಲಿಲ್ಲ, ಅಥವಾ ಯಾರ್ಡ್ ತಗ್ಗಿನಲ್ಲಿದೆ. ಆಗ ಒಳ್ಳೆಯ ಜೆಟ್ಟಿ ಕೆಟ್ಟ ಯಾರ್ಡಿಗಿಂತ ಮೇಲು. ಒಳ್ಳೆಯ ಜೆಟ್ಟಿ ಯಾವುದು ಎಂದು ಹೇಳುವುದು ಅದರ ಕಂಬಗಳ ತುದಿ. ತೇಲುವ ಜೆಟ್ಟಿ ನೀರಿನ ಜೊತೆಗೇ ಏರುವುದರಿಂದ ಹಗ್ಗಗಳ ತಲೆನೋವು ಕಡಿಮೆ, ಕಂಬಗಳು ಸಾಕಷ್ಟು ಎತ್ತರವಿರುವವರೆಗೆ. ನೀರು ಕಂಬದ ತುದಿ ದಾಟಿದ ಕ್ಷಣ ಇಡೀ ಜೆಟ್ಟಿಯೇ ಕಳಚಿಕೊಂಡು, ಕಟ್ಟಿದ ದೋಣಿಗಳ ಸಮೇತ ತೆಪ್ಪದಂತೆ ಹೊರಡುತ್ತದೆ. ಮುನ್ಸೂಚನೆಯ ನೀರಿನ ಮಟ್ಟಕ್ಕಿಂತ ಕಂಬ ಕನಿಷ್ಠ ಒಂದೆರಡು ಮೀಟರ್ ಮೇಲಿರದಿದ್ದರೆ ಅಲ್ಲಿಂದ ಹೊರಡಿ.

ಸ್ಥಿರ ಜೆಟ್ಟಿಯಲ್ಲಿ ಸಮಸ್ಯೆ ಹಗ್ಗದ ಉದ್ದದ್ದು. ದೋಣಿಯಿಂದ ಕಂಬಕ್ಕೆ 3 ಮೀಟರ್ ಹಗ್ಗ ಬಿಗಿಯಾಗಿ ಕಟ್ಟಿದ್ದೀರಿ ಎಂದುಕೊಳ್ಳಿ. ನೀರು 3 ಮೀಟರ್ ಏರಿದರೆ ಆ ಹಗ್ಗ 4.24 ಮೀಟರ್ ಆಗಬೇಕು, ಅಂದರೆ ಶೇ. 41 ಹಿಗ್ಗಬೇಕು. ಅಷ್ಟರಲ್ಲಿ ಹಗ್ಗ ಕಡಿಯುತ್ತದೆ, ಇಲ್ಲವೇ ಕ್ಲೀಟ್ ಕಿತ್ತುಬರುತ್ತದೆ, ಎರಡೂ ಆಗದಿದ್ದರೆ ದೋಣಿಯ ಒಂದು ಬದಿ ನೀರಿನೊಳಕ್ಕೆ ಎಳೆದುಕೊಳ್ಳುತ್ತದೆ. ಅದೇ ಹಗ್ಗ 12 ಮೀಟರ್ ದೂರದ ಕಂಬಕ್ಕೆ ಹೋಗಿದ್ದರೆ ಬೇಕಾಗುವುದು 12.37 ಮೀಟರ್, ಹಿಗ್ಗು ಶೇ. 3 ಮಾತ್ರ. ನೈಲಾನ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಪಕ್ಕದ ಕಂಬ ಬಿಟ್ಟು ಆಚೆಯ, ಅದರಾಚೆಯ ಕಂಬಕ್ಕೆ ಕಟ್ಟಿ. ಪಕ್ಕದ ದೋಣಿ ಹೊರಟುಹೋಗಿದ್ದರೆ ಅದರ ಕಂಬಗಳನ್ನೂ ಬಳಸಿಕೊಳ್ಳಿ. ನಾಲ್ಕೂ ಮೂಲೆಯಿಂದ ಜೇಡರಬಲೆಯಂತೆ ಹಗ್ಗಗಳು ಹರಡಿ, ದೋಣಿ ನಡುವೆ ಯಾವುದಕ್ಕೂ ತಾಗದೆ ನಿಲ್ಲಬೇಕು.

ನೀರು ಏರುವುದಷ್ಟೇ ಅಲ್ಲ, ಇಳಿಯುವುದೂ ಉಂಟು. ಗಾಳಿ ದಡದಿಂದ ಹೊರಕ್ಕೆ ಬೀಸುವ ಬದಿಯಲ್ಲಿ ಕೊಲ್ಲಿಯ ನೀರೇ ಬರಿದಾಗುತ್ತದೆ. 2017ರ ಇರ್ಮಾದಲ್ಲಿ ಟಾಂಪಾ ಕೊಲ್ಲಿಯ ತಳ ಬಯಲಾಗಿತ್ತು. ಗಿಡ್ಡ ಹಗ್ಗದ ದೋಣಿ ಆಗ ಜೆಟ್ಟಿಗೆ ನೇತುಬೀಳುತ್ತದೆ. ಉದ್ದನೆಯ ಹಗ್ಗ ಎರಡು ಕಡೆಗೂ ಉತ್ತರ.

ಹಗ್ಗದ ದಪ್ಪಕ್ಕೆ ಒಂದು ಅಳತೆ: 25 ಅಡಿವರೆಗಿನ ದೋಣಿಗೆ ಅರ್ಧ ಇಂಚು, 34 ಅಡಿವರೆಗೆ ಐದೆಂಟಾಂಶ ಇಂಚು (16 ಮಿ.ಮೀ.), ಅದಕ್ಕಿಂತ ದೊಡ್ಡದಕ್ಕೆ ಮುಕ್ಕಾಲರಿಂದ ಒಂದು ಇಂಚು. ನೆನೆದ ನೈಲಾನ್ ಶೇ. 10–15ರಷ್ಟು ಬಲ ಕಳೆದುಕೊಳ್ಳುವುದರಿಂದ ಸಂದೇಹವಿದ್ದರೆ ಒಂದು ಗಾತ್ರ ಮೇಲಕ್ಕೆ ಹೋಗಿ. ಎಲ್ಲ ಹಗ್ಗಗಳನ್ನೂ ಜೋಡಿಯಾಗಿ ಹಾಕಿ, ಎರಡನೆಯದು ಕೊಂಚ ಸಡಿಲವಿರಲಿ. ಮೊದಲನೆಯದು ಹೋದಾಗ ಮಾತ್ರ ಅದು ಕೆಲಸಕ್ಕಿಳಿಯಬೇಕು.

ಹಗ್ಗಗಳು ಹೋಗುವುದು ಬಹುತೇಕ ಎಳೆತದಿಂದಲ್ಲ, ಸವೆತದಿಂದ. ಹಗ್ಗ ದೋಣಿಯ ಅಂಚು ದಾಟುವ ಚಾಕ್‌ನಲ್ಲಿ ಗಂಟೆಗಟ್ಟಲೆ ಹಿಂದೆಮುಂದೆ ಉಜ್ಜುತ್ತದೆ. ಅಲ್ಲಿಗೆ ರಬ್ಬರ್ ಕೊಳವೆ ತೊಡಿಸುವುದು ಹಳೆಯ ರೂಢಿ. ಆದರೆ ನೈಲಾನ್ ಹಿಗ್ಗಿ ಕುಗ್ಗುವಾಗ ಅದರೊಳಗೇ ಬಿಸಿ ಹುಟ್ಟುತ್ತದೆ. ಮಳೆನೀರು ಆ ಬಿಸಿಯನ್ನು ಆರಿಸಬೇಕು, ಕೊಳವೆ ನೀರನ್ನು ತಡೆದು ಬಿಸಿಯನ್ನು ಒಳಗೇ ಕೂಡಿಹಾಕುತ್ತದೆ. ಬಿರುಗಾಳಿಯ ನಂತರ ಸಿಕ್ಕ ತುಂಡು ಹಗ್ಗಗಳಲ್ಲಿ ಒಳಗಿನ ಎಳೆಗಳು ಕರಗಿ ಅಂಟಿಕೊಂಡಿದ್ದನ್ನು ಕಂಡವರಿದ್ದಾರೆ. ನೀರು ಇಳಿಯಬಲ್ಲ ನೇಯ್ದ ಪಾಲಿಯೆಸ್ಟರ್ ಕವಚ ಇದಕ್ಕಿಂತ ಉತ್ತಮ. ಅದಕ್ಕಿಂತಲೂ ಉತ್ತಮ, ಕ್ಲೀಟಿನಿಂದ ಚಾಕ್ ದಾಟುವವರೆಗೆ ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ಹಗ್ಗ ಹಾಕಿ, ಆಚೆ ಕುಣಿಕೆಗೆ ಕುಣಿಕೆ ಸೇರಿಸಿ ನೈಲಾನ್ ಜೋಡಿಸುವುದು. ಹಿಗ್ಗುವ ಕೆಲಸ ನೈಲಾನ್‌ನದು, ಉಜ್ಜಿಸಿಕೊಳ್ಳುವ ಕೆಲಸ ಪಾಲಿಯೆಸ್ಟರ್‌ನದು.

ಕ್ಲೀಟಿನ ಅಡಿಯನ್ನು ಒಮ್ಮೆ ಬಗ್ಗಿ ನೋಡಿ. ಬರೀ ವಾಶರ್ ಹಾಕಿ ನಟ್ ಬಿಗಿದಿದ್ದರೆ ಆ ಕ್ಲೀಟ್ ಫೈಬರ್‌ಗ್ಲಾಸ್ ಸಮೇತ ಕಿತ್ತುಬರುತ್ತದೆ. ಅಡಿಯಲ್ಲಿ ಅಗಲವಾದ ಲೋಹದ ತಗಡು ಇರಬೇಕು. ಇದನ್ನು ಏಪ್ರಿಲ್–ಮೇ ತಿಂಗಳಲ್ಲಿ ಮಾಡಿಮುಗಿಸಬೇಕೇ ಹೊರತು ಎಚ್ಚರಿಕೆ ಬಂದ ದಿನ ಅಲ್ಲ.

ಜೆಟ್ಟಿಯಲ್ಲಿ ಬಾಡಿಗೆಗೆ ಜಾಗ ಕೊಡುವ ಮರೀನಾದವರು ಖಾಲಿ ಮಾಡಿ ಎಂದರೆ? ಫ್ಲೋರಿಡಾದ ಶಾಸನ 327.59ರ ಪ್ರಕಾರ ಹರಿಕೇನ್ ಮುನ್ನೆಚ್ಚರಿಕೆ (ಹರಿಕೇನ್ ವಾಚ್) ಹೊರಬಿದ್ದ ಮೇಲೆ ಮರೀನಾ ದೋಣಿಗಳನ್ನು ಹೊರಹಾಕುವಂತಿಲ್ಲ. ದೊಡ್ಡ ಬಂದರುಗಳಿಗೆ ಮಾತ್ರ ವಿನಾಯಿತಿ ಉಂಟು. ಮಾಲೀಕನ ಜೀವ ಆಸ್ತಿಗಿಂತ ಮುಖ್ಯ ಎಂಬುದು ಅದರ ತರ್ಕ. ಆದರೆ ನೀವು ಕಟ್ಟದೆ ಬಿಟ್ಟ ದೋಣಿಯನ್ನು ಅವರು ಕಟ್ಟಿ, ಅದರ ಖರ್ಚು ವಸೂಲು ಮಾಡಬಹುದು. ಬೇರೆ ಕಡೆಗಳಲ್ಲಿ ನಿಮ್ಮ ಕರಾರುಪತ್ರವೇ ಕಾನೂನು. ಜೂನ್‌ಗೆ ಮೊದಲೇ ಓದಿಟ್ಟುಕೊಳ್ಳಿ.

ಬೋಟ್ ಲಿಫ್ಟ್ ಮತ್ತು ರ‍್ಯಾಕ್

ದೋಣಿಯನ್ನು ನೀರಿನಿಂದ ಮೇಲೆತ್ತಿ ಹಿಡಿಯುವ ಮನೆಯ ಹಿಂದಿನ ಲಿಫ್ಟಿನ ಮೇಲೆ ದೋಣಿ ಬಿಡುವುದು ಈ ಪಟ್ಟಿಯಲ್ಲೇ ಅತಿ ಕೆಟ್ಟ ಆಯ್ಕೆ. ಹರಿಕೇನ್ ಒಂದು ದಿನದಲ್ಲಿ 250 ಮಿ.ಮೀ. ಮಳೆ ಸುರಿಸಿದರೆ, 15 ಚದರ ಮೀಟರ್ ತೆರೆದ ಜಾಗದ ದೋಣಿಯಲ್ಲಿ ಮೂರೂಮುಕ್ಕಾಲು ಟನ್ ನೀರು ಬೀಳುತ್ತದೆ. ಎಲೆ ಕಸ ಸೇರಿ ತೂತು ಕಟ್ಟಿಕೊಂಡರೆ ಲಿಫ್ಟ್ ಕುಸಿಯುತ್ತದೆ. ಅದಾಗದಿದ್ದರೆ ಉಬ್ಬರ ದೋಣಿಯನ್ನು ತೊಟ್ಟಿಲಿನಿಂದ ಎತ್ತಿ, ಇಳಿಯುವಾಗ ಕಂಬದ ಮೇಲೆಯೇ ಕೂರಿಸುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ತಳದ ಬಿರಡೆ ತೆಗೆದು, ದೋಣಿಯನ್ನು ಲಿಫ್ಟಿನ ಚೌಕಟ್ಟಿಗೇ ಬಿಗಿದು ಬಿಡಿ.

ಮಹಡಿ ಮಹಡಿಯಾಗಿ ದೋಣಿ ಜೋಡಿಸುವ ರ‍್ಯಾಕ್ ಕಟ್ಟಡದ ಬಗ್ಗೆ ಕೇಳಬೇಕಾದದ್ದು ಎರಡೇ: ಯಾವ ಗಾಳಿವೇಗಕ್ಕೆ ವಿನ್ಯಾಸ ಮಾಡಿದ್ದಾರೆ, ಕೆಳಗಿನ ಸಾಲು ಯಾವ ಎತ್ತರದಲ್ಲಿದೆ. ಬರಹದಲ್ಲಿ ಉತ್ತರ ಸಿಗದಿದ್ದರೆ ದೋಣಿ ಇಳಿಸಿ ಟ್ರೇಲರ್ ಮೇಲೆ ಹೇರಿ.

ಮೂರಿಂಗ್ ಮತ್ತು ಲಂಗರು

ತೆರೆದ ನೀರಿನಲ್ಲಿ ಲಂಗರಿನ ಮೇಲೆ, ಇಲ್ಲವೇ ಮೂರಿಂಗ್ ಮೇಲೆ (ತಳದಲ್ಲಿ ಕಾಯಂ ಆಗಿ ಇಟ್ಟ ಲಂಗರು) ಇರುವ ದೋಣಿಗೆ ಒಂದು ಅನುಕೂಲವಿದೆ: ಗಾಳಿ ತಿರುಗಿದ ಹಾಗೆ ತಾನೂ ತಿರುಗಿ ಮುಖ ಕೊಡುತ್ತದೆ, ನೀರು ಎಷ್ಟು ಏರಿದರೂ ಬಡಿಯಲು ಜೆಟ್ಟಿಯಿಲ್ಲ. ಎಲ್ಲವೂ ತಳದ ಹಿಡಿತದ ಮೇಲೆ ನಿಂತಿದೆ.

ಕಾಂಕ್ರೀಟ್ ದಿಮ್ಮಿಯನ್ನು ನಂಬಿದವರು ಒಂದು ವಿಷಯ ಗಮನಿಸುವುದಿಲ್ಲ. ದಡದ ಮೇಲೆ 1,000 ಕಿಲೋ ಇರುವ ಕಾಂಕ್ರೀಟ್ ಉಪ್ಪುನೀರಿನಲ್ಲಿ ತೂಗುವುದು ಸುಮಾರು 570 ಕಿಲೋ. ಅಣಬೆಯಾಕಾರದ ಲಂಗರು ಕೆಸರಿನಲ್ಲಿ ಆಳಕ್ಕೆ ಹೂತಿದ್ದರಷ್ಟೇ ಹಿಡಿಯುತ್ತದೆ, ಮರಳು ಅಥವಾ ಕಲ್ಲಿನ ತಳದಲ್ಲಿ ಜಾರುತ್ತದೆ. ತಳದೊಳಕ್ಕೆ ತಿರುಗಿಸಿ ಇಳಿಸುವ ಹೆಲಿಕ್ಸ್ ಲಂಗರು ಇವೆರಡಕ್ಕಿಂತ ಹಲವು ಪಟ್ಟು ಹೆಚ್ಚು ಎಳೆತ ತಡೆಯುತ್ತದೆ. ಅದಿಲ್ಲದಿದ್ದರೆ ಮೂರು ಲಂಗರುಗಳನ್ನು 120 ಡಿಗ್ರಿ ಅಂತರದಲ್ಲಿ ಹರಡಿ, ಸರಪಳಿಗಳನ್ನು ನಡುವೆ ಒಂದು ಸ್ವಿವೆಲ್‌ಗೆ (ತಿರುಗುವ ಕೊಂಡಿಗೆ) ಸೇರಿಸುವುದು ಒಳ್ಳೆಯ ಬದಲಿ. ಗಾಳಿ ಯಾವ ಕಡೆಯಿಂದ ಬಂದರೂ ಒಂದೆರಡು ಲಂಗರು ಎದುರಿಗಿರುತ್ತವೆ, ದೋಣಿ ತಿರುಗುವ ವೃತ್ತವೂ ಚಿಕ್ಕದಾಗುತ್ತದೆ.

ಲಂಗರಿನ ಹಗ್ಗ ಆಳದ ಹತ್ತು ಪಟ್ಟು ಇರಲಿ ಎನ್ನುವುದು ರೂಢಿ. ಆ ಆಳಕ್ಕೆ ಉಬ್ಬರವನ್ನೂ ಸೇರಿಸಿ. ನೀರು 4 ಮೀಟರ್, ದೋಣಿಯ ಮುಂತುದಿ ನೀರಿನಿಂದ 1.2 ಮೀಟರ್ ಎತ್ತರ ಎಂದು 52 ಮೀಟರ್ ಹಗ್ಗ ಬಿಟ್ಟಿದ್ದೀರಿ. ನೀರು ಎರಡೂವರೆ ಮೀಟರ್ ಏರಿದಾಗ ಹತ್ತು ಪಟ್ಟು ಎನ್ನುವುದು ಏಳಕ್ಕಿಂತ ಕೆಳಗೆ ಬಂದಿರುತ್ತದೆ, ಅದೂ ಲಂಗರಿಗೆ ಹಿಡಿತ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ. ಬೇಕಾಗಿದ್ದದ್ದು 77 ಮೀಟರ್.

ಅಷ್ಟು ಉದ್ದ ಬಿಡಲು ಜಾಗವೆಲ್ಲಿ? ಈ ಆಯ್ಕೆಯ ನಿಜವಾದ ದೌರ್ಬಲ್ಯ ಪಕ್ಕದ ದೋಣಿ. ನಿಮ್ಮ ಲಂಗರು ಎಷ್ಟೇ ಗಟ್ಟಿಯಿದ್ದರೂ ಮುಂದಿನ ದೋಣಿ ಜಾರಿ ನಿಮ್ಮ ಮೇಲೆ ಬಂದರೆ ಎರಡೂ ಹೋಗುತ್ತವೆ.

ಹರಿಕೇನ್ ಹೋಲ್‌ಗಳು, ಮ್ಯಾಂಗ್ರೋವ್ ಕಾಲುವೆಗಳು

ಸುತ್ತ ಗುಡ್ಡ, ಒಳಗೆ ಮ್ಯಾಂಗ್ರೋವ್ ಕಾಡು, ಕೆಸರಿನ ತಳ: ಇಂಥ ಒಳಗೊಲ್ಲಿಗಳನ್ನು ಕೆರಿಬಿಯನ್ನಿನಲ್ಲಿ ಹರಿಕೇನ್ ಹೋಲ್ ಎನ್ನುತ್ತಾರೆ. ಅಲೆಗಳು ಒಳಬರುವುದಿಲ್ಲ, ದೋಣಿ ಒಂದು ವೇಳೆ ಬಿಡಿಸಿಕೊಂಡರೂ ಕಲ್ಲಿಗೆ ಬದಲು ಗಿಡಗಳಿಗೆ ಒರಗುತ್ತದೆ. ಕಾಗದದ ಮೇಲೆ ಇದಕ್ಕಿಂತ ಚಂದದ ಆಯ್ಕೆ ಇಲ್ಲ. ಇತಿಹಾಸ ಬೇರೆಯೇ ಹೇಳುತ್ತದೆ. ಪೋರ್ಟೊರಿಕೊ ಬಳಿಯ ಕುಲೆಬ್ರಾದ ಎನ್ಸೆನಾಡಾ ಹೋಂಡಾ ಬಹು ಹೆಸರಾಂತ ಆಶ್ರಯವಾಗಿತ್ತು. 1989ರ ಹ್ಯೂಗೊಗೆ ಹೆದರಿ ನೂರಾರು ದೋಣಿಗಳು ಅಲ್ಲಿ ತುಂಬಿಕೊಂಡವು, ಬಹುಪಾಲು ನಾಶವಾದವು. 2017ರಲ್ಲಿ ಟೋರ್ಟೋಲಾದ ಪ್ಯಾರಾಕ್ವಿಟಾ ಬೇನಲ್ಲಿ ಬಾಡಿಗೆ ಕ್ಯಾಟಮರಾನ್‌ಗಳು ಒಂದರ ಮೇಲೊಂದು ರಾಶಿಬಿದ್ದವು. 2024ರ ಜುಲೈ 1ರಂದು ಬೆರಿಲ್ ಕ್ಯಾರಿಯಾಕೂ ದ್ವೀಪಕ್ಕೆ ಬಡಿದಾಗ ಟಿರೆಲ್ ಬೇಯ ಮ್ಯಾಂಗ್ರೋವ್‌ಗಳೊಳಗಿನ ದೋಣಿಗಳಿಗೂ ಅದೇ ಗತಿಯಾಯಿತು. ಒಳ್ಳೆಯ ಆಶ್ರಯ ಎಲ್ಲರಿಗೂ ಗೊತ್ತಿರುವ ಆಶ್ರಯವಾದರೆ ಅದು ಒಳ್ಳೆಯದಾಗಿ ಉಳಿಯುವುದಿಲ್ಲ.

ಇನ್ನೊಂದು ತೊಡಕು, ಬಿರುಗಾಳಿಯ ಕಣ್ಣು (ನಡುವಿನ ಶಾಂತ ಭಾಗ) ಹಾದುಹೋದ ಮೇಲೆ ಗಾಳಿ ಹೆಚ್ಚುಕಡಿಮೆ ಎದುರು ದಿಕ್ಕಿನಿಂದ ಬೀಸತೊಡಗುತ್ತದೆ. ಮೊದಲರ್ಧದಲ್ಲಿ ಮರೆಯಾಗಿದ್ದ ಕೊಲ್ಲಿ ಎರಡನೆಯರ್ಧದಲ್ಲಿ ಬಾಯಿ ತೆರೆದು ನಿಂತಿರುತ್ತದೆ. ಎರಡೂ ದಿಕ್ಕಿಗೆ ಮುಚ್ಚಿದ ಜಾಗವನ್ನೇ ಆರಿಸಿ.

ಇಕ್ಕಟ್ಟಾದ ಕಾಲುವೆ ಕೊಲ್ಲಿಗಿಂತ ವಾಸಿ. ದೋಣಿಯನ್ನು ನಡುವೆ ನಿಲ್ಲಿಸಿ ಎರಡೂ ದಡದ ಮರಗಳಿಗೆ ಹಗ್ಗ ಎಳೆಯಿರಿ. ಒಂದೇ ಮರಕ್ಕೆ ಭಾರ ಬೀಳದಂತೆ ಹಲವು ಮರಗಳಿಗೆ ಹಂಚಿ, ಬುಡದ ಹತ್ತಿರ ಕಟ್ಟಿ, ಹಗ್ಗಕ್ಕೆ ಕವಚ ತೊಡಿಸಿ. ಗಿಡ ಕಡಿಯಬೇಡಿ, ನಿಮ್ಮನ್ನು ಕಾಯುವುದು ಅವೇ. ಹಗ್ಗ ಎಳೆದ ಮೇಲೆ ಕಾಲುವೆ ಮುಚ್ಚಿದಂತೆ, ನಿಮ್ಮ ನಂತರ ಬರುವವರಿಗೆ ಒಳದಾರಿ ಇರುವುದಿಲ್ಲ. ಆದ್ದರಿಂದ ಕೊನೆಯವರು ಎಲ್ಲಿಯವರೆಗೆ ಹೋಗುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಬೇಕು. ದಾರಿಯಲ್ಲಿ ಎತ್ತುವ ಸೇತುವೆಗಳಿದ್ದರೆ ಇನ್ನೂ ಬೇಗ ಹೊರಡಬೇಕು: ಜನರನ್ನು ಸ್ಥಳಾಂತರಿಸಲು ರಸ್ತೆ ಬೇಕಾಗುವುದರಿಂದ ಗಾಳಿ ಜೋರಾಗುವ ಎಷ್ಟೋ ಮೊದಲೇ ಅವು ದೋಣಿಗಳಿಗೆ ತೆರೆಯುವುದನ್ನು ನಿಲ್ಲಿಸುತ್ತವೆ.

ದೂರ ಹೋಗಿಬಿಡುವುದು

ಇಡೀ ಋತುವಿಗೆ ದಕ್ಷಿಣಕ್ಕೆ ಹೋಗಿ ಕೂರುವುದು ಕೆರಿಬಿಯನ್ ದೋಣಿಗರ ಹಳೆಯ ಉಪಾಯ. ಹಲವು ವಿಮಾ ಪಾಲಿಸಿಗಳೂ ಜೂನ್‌ನಿಂದ ನವೆಂಬರ್‌ವರೆಗೆ ದೋಣಿ ಇಂತಿಂಥ ಅಕ್ಷಾಂಶದ ಆಚೆ ಇರಬೇಕು ಎನ್ನುತ್ತವೆ. 12 ಡಿಗ್ರಿ ಉತ್ತರದ ಆಸುಪಾಸಿನ ಗ್ರೆನಡಾ ಸುರಕ್ಷಿತ ಎಂದು ಬಹುಕಾಲ ನಂಬಿದ್ದರು. 2004ರ ಐವನ್ ಮತ್ತು 2024ರ ಬೆರಿಲ್ ಆ ನಂಬಿಕೆಯನ್ನು ಮುರಿದವು. ಇನ್ನೂ ಕೆಳಗಿನ ಟ್ರಿನಿಡಾಡ್‌ನಲ್ಲಿ ಅಪಾಯ ಕಡಿಮೆ.

ಬಿರುಗಾಳಿ ಕಾಣಿಸಿಕೊಂಡ ಮೇಲೆ ಓಡುವುದು ಬೇರೆಯೇ ವಿಷಯ. ಗಂಟೆಗೆ 6 ನಾಟಿಕಲ್ ಮೈಲಿ ಸಾಗುವ ಹಾಯಿದೋಣಿ ಎರಡು ದಿನದಲ್ಲಿ 288 ಮೈಲಿ ಹೋಗಬಹುದು, ಅಷ್ಟರಲ್ಲಿ ಹರಿಕೇನ್ ತನ್ನ ದಾರಿಯನ್ನೇ ಬದಲಿಸಬಹುದು. ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರಿನ ಮುನ್ಸೂಚನಾ ನಕ್ಷೆಯ ಶಂಕು ಕೇಂದ್ರದ ದಾರಿಯನ್ನು ಮೂರರಲ್ಲಿ ಎರಡು ಪಾಲು ಸಂದರ್ಭಗಳಲ್ಲಷ್ಟೇ ಒಳಗೊಳ್ಳುತ್ತದೆ, ಉಳಿದ ಒಂದು ಪಾಲು ಹೊರಗೇ ಹೋಗುತ್ತದೆ. ವೇಗದ ಮೋಟಾರ್ ದೋಣಿ, ನಾಲ್ಕೈದು ದಿನದ ಬಿಡುವು, ಬೇಕಾದಷ್ಟು ಇಂಧನ ಇದ್ದವರಿಗೆ ಮಾತ್ರ ಇದು ಆಯ್ಕೆ.

ಯಾವ ದೋಣಿಗೆ ಯಾವುದು

ಟ್ರೇಲರ್ ದೋಣಿ ಒಳನಾಡಿಗೆ. 8ರಿಂದ 14 ಮೀಟರಿನ ಹಾಯಿದೋಣಿ ಅಥವಾ ಮೋಟಾರ್ ದೋಣಿಗೆ ಉಬ್ಬರದ ಲೆಕ್ಕ ದಾಟುವ ಯಾರ್ಡ್ ಇದ್ದರೆ ಪಟ್ಟಿ ಬಿಗಿದು ದಡದಲ್ಲಿ, ಹಾಯಿಕಂಬ ಕಳಚಿ. ಯಾರ್ಡ್ ತಗ್ಗಿನಲ್ಲಿದ್ದು ಎತ್ತರದ ಕಂಬಗಳ ತೇಲುವ ಜೆಟ್ಟಿ ಸಿಕ್ಕರೆ ಅದೇ ಸರಿ. ಎರಡೂ ಇಲ್ಲದಿದ್ದರೆ ಇಕ್ಕಟ್ಟಾದ ಕಾಲುವೆ, ಅದರ ನಂತರ ಹೆಲಿಕ್ಸ್ ಮೂರಿಂಗ್. ಕ್ಯಾಟಮರಾನ್‌ಗೆ ಮಾತ್ರ ಕ್ರಮ ಸ್ವಲ್ಪ ಬೇರೆ: ಅಗಲದಿಂದಾಗಿ ಎತ್ತುವ ಯಂತ್ರ ಸಿಗುವುದು ಕಷ್ಟ, ಎರಡು ಒಡಲುಗಳ ನಡುವೆ ಗಾಳಿ ನುಗ್ಗಿ ಮೇಲೆತ್ತುತ್ತದೆ. ದಡದಲ್ಲಿಟ್ಟರೆ ದಿಮ್ಮಿ ಆದಷ್ಟು ತೆಳುವಾಗಿರಲಿ, ನಾಲ್ಕೂ ಮೂಲೆಗೆ ಪಟ್ಟಿ ಬೀಳಲಿ.

ಎಲ್ಲಿಟ್ಟರೂ ಮಾಡಲೇಬೇಕಾದದ್ದು

ಅಮೆರಿಕದಲ್ಲಿ ಉಷ್ಣವಲಯದ ಬಿರುಗಾಳಿಯ ಮಟ್ಟದ, ಅಂದರೆ ಹರಿಕೇನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಗಾಳಿ ಬರುವ 48 ಗಂಟೆ ಮೊದಲು ಮುನ್ನೆಚ್ಚರಿಕೆ, 36 ಗಂಟೆ ಮೊದಲು ಎಚ್ಚರಿಕೆ ಹೊರಡುತ್ತದೆ. ಮುನ್ನೆಚ್ಚರಿಕೆ ಬಂದ ದಿನ ಕ್ರೇನಿಗೆ ಫೋನ್ ಮಾಡಿದರೆ ಸರದಿ ಸಿಗುವುದಿಲ್ಲ. ದೋಣಿ ಸರಿಸುವ ಕೆಲಸ ಅದಕ್ಕೂ ಮೊದಲೇ ಮುಗಿದು, ಆ ಹೊತ್ತಿಗೆ ಹಗ್ಗ ಕಟ್ಟುವುದಷ್ಟೇ ಉಳಿದಿರಬೇಕು.

ಗಾಳಿ ಹಿಡಿಯುವುದನ್ನೆಲ್ಲ ಇಳಿಸಿ: ಹಾಯಿ, ಮೇಲ್ಚಾವಣಿಯ ಬಟ್ಟೆ, ಆಂಟೆನಾ, ಸೌರಫಲಕ, ಸಣ್ಣ ದೋಣಿ. ಸುರುಳಿ ಸುತ್ತಿದ ಮುಂಬದಿಯ ಹಾಯಿಯನ್ನು ಸುತ್ತಿಯೇ ಬಿಟ್ಟರೆ ಸಾಕು ಎಂದುಕೊಳ್ಳಬೇಡಿ. ಗಾಳಿ ಒಂದು ಮೂಲೆ ಬಿಡಿಸಿದರೆ ಸಾಕು, ಪೂರ್ತಿ ಹಾಯಿ ತೆರೆದುಕೊಂಡು ದೋಣಿಯನ್ನು ಲಂಗರಿನಿಂದ ಕಿತ್ತುಬಿಡುತ್ತದೆ. ಎಂಜಿನ್ ಹೊಗೆಕೊಳವೆಯ ಬಾಯಿಗೆ ಬಿರಡೆ, ಕಿಂಡಿ ಮತ್ತು ಗಾಳಿದ್ವಾರಗಳಿಗೆ ಗಟ್ಟಿ ಟೇಪ್. ನೀರಿನಲ್ಲಿರುವ ದೋಣಿಯ ತಳದ ಕವಾಟಗಳನ್ನೆಲ್ಲ ಮುಚ್ಚಿ, ಕಾಕ್‌ಪಿಟ್ಟಿನ ನೀರು ಹೊರಹೋಗುವುದನ್ನು ಮಾತ್ರ ತೆರೆದಿಡಿ. ಕಾಗದಪತ್ರ ಮನೆಗೆ ಒಯ್ಯಿರಿ, ದೋಣಿಯ ಒಳಹೊರಗಿನ ಚಿತ್ರ ತೆಗೆದಿಟ್ಟುಕೊಳ್ಳಿ. ಯಾರೂ ದೋಣಿಯಲ್ಲಿ ಉಳಿಯಕೂಡದು, 150 ಕಿ.ಮೀ. ಗಾಳಿಯಲ್ಲಿ ಡೆಕ್ಕಿನ ಮೇಲೆ ನಿಂತು ಮಾಡಬಹುದಾದ ಕೆಲಸ ಒಂದೂ ಇಲ್ಲ.

ದಡದ ವಿದ್ಯುತ್ ಹೋಗಿಯೇ ಹೋಗುತ್ತದೆ, ಹಾಗಾಗಿ ಕೇಬಲ್ ಬಿಚ್ಚಿಡಿ. ದೋಣಿಯ ತಳದ ಗುಂಡಿಯಲ್ಲಿ (ಬಿಲ್ಜ್) ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಬ್ಯಾಟರಿಯ ಮೇಲೆಯೇ ನಡೆಯಬೇಕು. 8 ಆಂಪಿಯರ್ ಎಳೆಯುವ ಪಂಪು 100 ಆಂಪಿಯರ್-ಅವರ್ ಬ್ಯಾಟರಿಯ ಅರ್ಧವನ್ನು ಆರು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಫ್ರಿಜ್, ದೀಪ, ರೇಡಿಯೊಗಳ ಸ್ವಿಚ್ ಎಲ್ಲ ಆರಿಸಿ, ನೀರೇರಿದಾಗ ಪಂಪನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚನ್ನು ಕೈಯಿಂದ ಎತ್ತಿ ಅದು ನಡೆಯುತ್ತದೆಯೇ ನೋಡಿ, ಬಿಲ್ಜಿನಲ್ಲಿ ಬಿದ್ದಿರುವ ಚಿಂದಿ ಮತ್ತು ಪ್ಲಾಸ್ಟಿಕ್ ಚೂರುಗಳನ್ನು ಹೆಕ್ಕಿ ತೆಗೆದು ಬಾಗಿಲು ಹಾಕಿ.